ಅಪ್ಪ ಕಟ್ಟಿದ ಲೈಟ್‌ಹೌಸು, ಮಗುವಿಗೆ ಹತ್ತಕ್ಕೆ ಹತ್ತು

ರಾತ್ರಿ ಒಂಬತ್ತೂವರೆಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಸೂಚನೆ ಬಂದು ಬೀಳುತ್ತದೆ. ನಾಳೆ ಬೆಳಗ್ಗೆ ಎರಡನೇ ಕ್ಲಾಸಿನ ಮಕ್ಕಳೆಲ್ಲ ಕಾಗದದ ಲೈಟ್‌ಹೌಸ್ ತರಬೇಕು. ಮಕ್ಕಳೇ ಮಾಡಬೇಕು. ನೀಟಾಗಿರಬೇಕು. ಇವೆರಡರಲ್ಲಿ ಯಾವುದನ್ನು ಪಾಲಿಸಬೇಕು ಅಂತ ಅನುಭವಸ್ಥ ಅಪ್ಪ ಅಮ್ಮಂದಿರಿಗೆ ಗೊತ್ತು. ಮೊದಲು ಮಗುವನ್ನು ಮಲಗಿಸುತ್ತಾರೆ.

ಬೆಂಗಳೂರಿನಲ್ಲಿ ಇಂಜಿನಿಯರ್ ಅಲ್ಲದ ಅಪ್ಪ ಸಿಗುವುದೇ ಕಷ್ಟ. ಆದರೂ ಚಾರ್ಟ್ ಪೇಪರ್ ಮುಂದೆ ಎಲ್ಲರ ಡಿಗ್ರಿಯೂ ಮಕಾಡೆ ಮಲಗುತ್ತದೆ. ಸ್ಕೇಲ್ ಇಟ್ಟು ನೇರವಾಗಿ ಪಟ್ಟಿ ಬಳಿಯುತ್ತಾರೆ. ಕೆಳಗೆ ದಪ್ಪ, ಮೇಲೆ ಸಣ್ಣ ಬರುವ ಹಾಗೆ ಹಾಳೆ ಸುತ್ತುತ್ತಾರೆ. ಪಟ್ಟಿಗಳೆಲ್ಲ ಓರೆಯಾಗಿ, ಲೈಟ್‌ಹೌಸು ಅವಸರದಲ್ಲಿ ಪಂಚೆ ಸುತ್ತಿಕೊಂಡವರ ಹಾಗೆ ನಿಲ್ಲುತ್ತದೆ. ಹಾಳೆಯನ್ನು ಬೀಸಣಿಗೆ ಆಕಾರಕ್ಕೆ ಕತ್ತರಿಸಿ, ಪಟ್ಟಿಗಳನ್ನೂ ಬಾಗಿಸಿ ಬಳಿದರೆ ಮಾತ್ರ ಸುತ್ತಿದಾಗ ಅವು ನೆಟ್ಟಗೆ ಕೂರುತ್ತವೆ. ಈ ಜ್ಞಾನೋದಯ ಆಗುವಷ್ಟರಲ್ಲಿ ಹನ್ನೊಂದೂವರೆ. ಚಾರ್ಟ್ ಖಾಲಿ. ಕೊನೆಗೆ ಅಮ್ಮ ಒಂದು ಪೇಪರ್ ಕಪ್ ತಂದು ಬೋರಲು ಹಾಕುತ್ತಾಳೆ. ಸಮಸ್ಯೆ ಮುಗಿಯಿತು. ಅಂದ ಹಾಗೆ, ಇದು ‘ಬೆಸ್ಟ್ ಔಟ್ ಆಫ್ ವೇಸ್ಟ್’ ಪ್ರಾಜೆಕ್ಟ್. ಮನೆಯಲ್ಲಿ ವೇಸ್ಟ್ ಕಪ್ ಇಲ್ಲದವರು ಹೊಸ ಪ್ಯಾಕೆಟ್ಟೇ ತರಿಸುತ್ತಾರೆ, ಹತ್ತು ನಿಮಿಷದ ಡೆಲಿವರಿಯಲ್ಲಿ.

ಬಣ್ಣದ ವಿಷಯಕ್ಕೆ ಬರೋಣ. ಕೆಂಪು-ಬಿಳಿ ಕಡ್ಡಾಯ. ಗೂಗಲ್ ಚಿತ್ರದಲ್ಲಿ ಹಾಗೇ ಇದೆ, ಚೆನ್ನೈ ಮರೀನಾದಲ್ಲೂ ಹಾಗೇ ಇದೆ. ಆದರೆ ಅಜ್ಜನ ಮನೆ ಉಡುಪಿ ಕಡೆ ಇರುವ ಒಂದು ಮಗು ಕಪ್ಪು-ಬಿಳಿ ಬಳಿದುಕೊಂಡು ಬರುತ್ತದೆ ಅನ್ನಿ. ಯಾಕೆಂದರೆ ಅದು ಕಂಡಿರುವುದು ಕಾಪುವಿನದ್ದು. 1901ರಿಂದ ಬಂಡೆಯ ಮೇಲೆ ನಿಂತಿರುವ ಆ ದೀಪಸ್ತಂಭಕ್ಕೆ ಕಪ್ಪು-ಬಿಳಿ ಪಟ್ಟಿ. ‘ಲೈಟ್‌ಹೌಸ್ ಹೀಗಿರಲ್ಲ ಪುಟ್ಟಾ’ ಅಂತ ಮಿಸ್ಸು ತಿದ್ದುತ್ತಾರೆ. ಹಗಲು ಹೊತ್ತು ಬಣ್ಣ ಮತ್ತು ಪಟ್ಟಿ ನೋಡಿಯೇ ಹಡಗಿನವರು ಇದು ಯಾವ ಊರಿನ ದೀಪ ಅಂತ ಗುರುತು ಹಿಡಿಯುತ್ತಾರೆ. ಎಲ್ಲವೂ ಒಂದೇ ಥರ ಇದ್ದರೆ ಅವರಿಗೆ ಫಜೀತಿ. ನಲವತ್ತು ಮಕ್ಕಳ ಲೈಟ್‌ಹೌಸು ಒಂದೇ ಥರ ಇರದಿದ್ದರೆ ಶಾಲೆಯ ರೀಲ್ಸ್‌ಗೆ ಫಜೀತಿ. ಹಡಗು ದೂರದಲ್ಲಿದೆ, ಅಡ್ಮಿಷನ್ ಸೀಸನ್ ಹತ್ತಿರದಲ್ಲಿದೆ. ಯಾರ ಮಾತು ನಡೆಯಬೇಕು ಹೇಳಿ?

ಮೇಲಿನ ಎಲ್‌ಇಡಿಯ ಕಥೆ ಇನ್ನೂ ಚೆಂದ. ಅದು ಸತತವಾಗಿ ಉರಿಯಬೇಕು. ಮಿಣುಕಿದರೆ ಲೂಸ್ ಕನೆಕ್ಷನ್, ಅರ್ಧ ಮಾರ್ಕು ಕಟ್. ನಿಜವಾದ ದೀಪಸ್ತಂಭಗಳಿಗೆ ಒಂದೊಂದಕ್ಕೂ ಒಂದೊಂದು ಲೆಕ್ಕದ ಮಿಣುಕು. ಹಡಗಿನವರು ಇಷ್ಟು ಸೆಕೆಂಡಿಗೆ ಇಷ್ಟು ಸಲ ಅಂತ ಎಣಿಸಿ, ದೀಪಗಳ ವಿವರ ಇರುವ ಪುಸ್ತಕದಲ್ಲಿ ತಾಳೆ ನೋಡಿ, ಕತ್ತಲಲ್ಲಿ ಊರು ಕಂಡುಹಿಡಿಯುತ್ತಾರೆ. ಕಾಪುವಿನ ದೀಪವನ್ನು ಈ ಶಾಲೆಗೆ ತಂದಿಟ್ಟರೆ ಬಣ್ಣಕ್ಕೆ ಒಂದು, ಮಿಣುಕಿಗೆ ಅರ್ಧ, ಒಟ್ಟು ಒಂದೂವರೆ ಮಾರ್ಕು ಹೋಗುತ್ತದೆ. ಕಲ್ಲಿನಲ್ಲಿ ಕಟ್ಟಿದ್ದಕ್ಕೆ ‘ಕಾಗದ ಬಳಸಿಲ್ಲ’ ಅಂತ ಇನ್ನೊಂದು.

ಬೆಳಗ್ಗೆ ಸ್ಕೂಲ್ ವ್ಯಾನ್ ಹತ್ತುವಾಗ ಮಗುವಿಗೆ ಒಂದೇ ಉಪದೇಶ: ‘ಮುಟ್ಬೇಡ, ಹಾಳಾಗುತ್ತೆ.’ ಎರಡು ಕೈಯಲ್ಲಿ ಹಿಡಿದುಕೊಂಡೇ ಮುಟ್ಟದೆ ಇರುವುದು ಹೇಗೆ ಅನ್ನುವುದನ್ನು ಅದು ವ್ಯಾನಿನಲ್ಲಿ ಕಲಿಯುತ್ತದೆ. ಆ ದಿನದ ಕಲಿಕೆ ಅಷ್ಟೇ.

ಪ್ರದರ್ಶನ ಮುಗಿದ ಮೇಲೆ ನಲವತ್ತು ಲೈಟ್‌ಹೌಸು ಮೆಟ್ಟಿಲ ಕೆಳಗೆ ಸೇರುತ್ತವೆ. ಮೊದಲೇ ಚಾಲಾಕಿಯಾದ ಸ್ಟೇಷನರಿ ಅಂಗಡಿಯವನು ಆಯಾಳನ್ನು ಹಿಡಿದು, ಚೆನ್ನಾಗಿರುವುದನ್ನು ಆರಿಸಿಕೊಂಡು ಹೋಗುತ್ತಾನೆ. ಮುಂದಿನ ವರ್ಷ ಅದೇ ಅಂಗಡಿಯಲ್ಲಿ, ಅದೇ ಪೇಪರ್ ಕಪ್‌ಗೆ ಹೊಸ ಮಿನುಗು ಅಂಟಿಸಿ, ಹೊಸ ಮಗುವಿನ ಹೆಸರು ಬರೆಯಲು ಜಾಗ ಬಿಟ್ಟಿರುತ್ತದೆ. ಹೋದ ಸಲ ಫಸ್ಟ್ ಪ್ರೈಜ್ ಬಂದದ್ದಾದರೆ ಐವತ್ತು ರೂಪಾಯಿ ಜಾಸ್ತಿ.