‘ಚೆಂದಾಗದೆ ಕಣಪ್ಪ’ ಎಂದರೆ ಏನರ್ಥ?

ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಪ್ರಾಡಕ್ಟ್ ಡಿಸೈನ್, ಅಂದರೆ ಆ್ಯಪ್‌ಗಳು ನೋಡಲು, ಬಳಸಲು ಹೇಗಿರಬೇಕೆಂದು ರೂಪಿಸುವ ಕೆಲಸ, ಕಲಿಯಲು ಇಂಟರ್ನ್‌ಶಿಪ್‌ಗೆ ಬರುವ ಹುಡುಗ ಹುಡುಗಿಯರ ಕೆಲಸವನ್ನು ನೋಡಿಕೊಳ್ಳುವುದು ಈಗ ನನ್ನ ಹೊಣೆ. ಬಂದ ಮೂರನೆಯ ದಿನವೇ ಅವರು ಕಾಗದದಲ್ಲಿ ಗೀಚಿದ ಅರೆಬರೆ ಚಿತ್ರವನ್ನು ಎಲ್ಲರ ಮುಂದಿಡುತ್ತಾರೆ; ‘ಇದು ಯಾರಿಗೂ ಅರ್ಥವಾಗುವುದಿಲ್ಲ’ ಎಂದು ಹಿರಿಯರು ಮುಖಕ್ಕೆ ಹೇಳುತ್ತಾರೆ; ಆಮೇಲೆ ಎಲ್ಲರೂ ಕೂಡಿ ಚಹಾಕ್ಕೆ ಹೋಗುತ್ತಾರೆ. ಖಡಕ್ ಮಾತಿನ ಫಲಕಗಳನ್ನು ಗೇಟಿಗೆ ತೂಗುಹಾಕುವುದಕ್ಕೇ ಹೆಸರಾದ ಊರಿದು, ಅಚ್ಚರಿಯೇನಿಲ್ಲ.

ನಾನು ಇಂಟರ್ನ್ ಆಗಿದ್ದು ಮೈಸೂರಿನ ಹೆಬ್ಬಾಳದ ಒಂದು ಸಣ್ಣ ಕಂಪನಿಯಲ್ಲಿ, ಆರು ತಿಂಗಳು. ಮುಗಿಯದ ಕೆಲಸವನ್ನು ಹಿರಿಯರಿಗೆ ತೋರಿಸುವುದು ಅಗೌರವವೆಂದು ನಂಬಿದ್ದ ನಾನು, ಹದಿನೈದು ದಿನ ಒಬ್ಬನೇ ಕುಳಿತು ಬಣ್ಣ, ನೆರಳುಗಳನ್ನೆಲ್ಲ ತಿದ್ದಿ ತೀಡಿದ ಮೇಲಷ್ಟೇ ನನ್ನ ವಿನ್ಯಾಸವನ್ನು ಅವರ ಮುಂದಿಟ್ಟೆ. ‘ಬಹಳ ಚೆನ್ನಾಗಿದೆ, ನೋಡೋಣ’ ಎಂದರು. ಆ ‘ನೋಡೋಣ’ ಎಂದರೆ ‘ಬೇಡ’ ಎಂದು ತಿಳಿಯಲು ನನಗೆ ಮತ್ತೊಂದು ವಾರ ಹಿಡಿಯಿತು.

ಕಬ್ಬು ಬೆಳೆಗಾರರು ಕಟಾವಿನ ಸರದಿಯನ್ನು ಫೋನಿನಲ್ಲೇ ತಿಳಿದುಕೊಳ್ಳುವ ಆ್ಯಪ್ ಅದು. ಐವರು ಬಳಕೆದಾರರ ಮುಂದಿಟ್ಟು ಪರೀಕ್ಷಿಸಿದರೆ ಶೇ. 85ರಷ್ಟು ತೊಡಕುಗಳು ಹೊರಬೀಳುತ್ತವೆ ಎಂದು ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ಓದಿಕೊಂಡಿದ್ದ ನಾನು ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಹೋಗಿ ಐದು ಮಂದಿ ರೈತರಿಗೆ ಅದನ್ನು ತೋರಿಸಿ, ಹೇಗಿದೆ ಎಂದು ಕೇಳಿದೆ. ‘ಚೆಂದಾಗದೆ ಕಣಪ್ಪ’ ಎಂದು ಐವರೂ ಹೇಳಿದರು. ಒಬ್ಬರು ಎಳನೀರನ್ನೂ ಕೆತ್ತಿಕೊಟ್ಟರು. ಐದಕ್ಕೆ ಐದು ಎಂದು ವರದಿ ಬರೆದು ಹಿಗ್ಗುತ್ತ ರೈಲು ಹತ್ತಿದೆ.

ಎರಡನೆಯ ಸಲ ಹೋದಾಗ ಅಭಿಪ್ರಾಯ ಕೇಳುವುದನ್ನು ಬಿಟ್ಟು, ‘ನಿಮ್ಮ ಗದ್ದೆಯ ಸರದಿ ಯಾವತ್ತು, ನೋಡಿ ಹೇಳಿ’ ಎಂದು ಫೋನನ್ನು ಎಳನೀರು ಕೊಟ್ಟಿದ್ದ ಹಿರಿಯರ ಕೈಗೇ ಕೊಟ್ಟು ಸುಮ್ಮನೆ ಕುಳಿತೆ. ಅವರು ಅದನ್ನು ಬಿಸಿಲಿಗೆ ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ ಓದಿ, ‘ಯಾವ ಹಳಿ ಮಗ, ರೈಲುಂದಾ?’ ಎಂದರು. ಬಗ್ಗಿ ನೋಡಿದರೆ ‘ಹಳ್ಳಿ’ಯ ಒತ್ತಕ್ಷರವನ್ನು ಪೆಟ್ಟಿಗೆಯ ಕೆಳಗೆರೆ ನುಂಗಿಹಾಕಿತ್ತು. ನಾವು ವಿನ್ಯಾಸವನ್ನೆಲ್ಲ ಇಂಗ್ಲಿಷಿನಲ್ಲೇ ಮಾಡಿ, ಸಾಲಿನ ಎತ್ತರವನ್ನು ಅದಕ್ಕೆ ತಕ್ಕಂತೆ ಗೊತ್ತುಪಡಿಸಿ, ಕೊನೆಗೆ ಅನುವಾದಿಸಿದ ಕನ್ನಡವನ್ನು ಅದರೊಳಗೆ ತುರುಕಿದ್ದೆವು. ಕೆಳಕ್ಕೆ ಇಳಿಯುವ ಒತ್ತುಗಳಿಗೆ, ಅದರಲ್ಲೂ ‘ರಾಷ್ಟ್ರ’ದಂಥ ಪದದಲ್ಲಿ ಒಂದಕ್ಕೊಂದು ಜೋತುಬೀಳುವ ಎರಡೆರಡು ಒತ್ತುಗಳಿಗೆ, ಜಾಗವೇ ಇರಲಿಲ್ಲ. ತೆರೆಯ ಮೇಲೆ ಮುಟ್ಟುವ ಗುಂಡಿಯ ಅಗಲ-ಎತ್ತರ, ತೆರೆಯ ಅಳತೆಯ ಏಕಮಾನದಲ್ಲಿ, ಕನಿಷ್ಠ 44 ಇರಬೇಕೆಂದು ಆಪಲ್, 48 ಇರಬೇಕೆಂದು ಗೂಗಲ್ ಹೇಳಿದ್ದರೂ, ನೋಟಕ್ಕೆ ಅಂದವೆಂದು ನಾನು 32ಕ್ಕೆ ಇಳಿಸಿದ್ದೆ. ಕುಡುಗೋಲು ಹಿಡಿದು ಜಡ್ಡುಗಟ್ಟಿದ ಅವರ ಹೆಬ್ಬೆರಳಿನಡಿ ಎರಡು ಗುಂಡಿಗಳು ಒಟ್ಟಿಗೆ ಮುಚ್ಚಿಹೋದವು. ಸರದಿಯ ದಿನಾಂಕ ಕೊನೆಗೂ ಅವರಿಗೆ ಸಿಗಲಿಲ್ಲ.

ನಮ್ಮವರು ಪುಣೆಯವರಂತೆ ನೇರ ಮಾತು ಕಲಿಯಬೇಕೆಂದು ಇಲ್ಲಿನ ಕನ್ನಡಿಗ ಗೆಳೆಯರು ಹೇಳುವುದುಂಟು. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಆಫೀಸಿನೊಳಗೆ ಹಿರಿಯರು ತಮ್ಮ ಅರೆಬೆಂದ ಕೆಲಸವನ್ನು ಮೊದಲು ತೋರಿಸಿದ್ದರೆ ನನ್ನ ಹದಿನೈದು ದಿನ ಉಳಿಯುತ್ತಿತ್ತು, ನಿಜ. ಆದರೆ ಆ ರೈತರು ನನಗೆ ಸುಳ್ಳು ಹೇಳಿರಲಿಲ್ಲ. ಊಟ ಹೇಗಿತ್ತೆಂದು ಬಡಿಸಿದವರೇ ಕೇಳಿದಾಗ ಉಪ್ಪು ಕಡಿಮೆಯಿತ್ತೆಂದು ಮಂಡ್ಯದ ಕಡೆ ಯಾವ ನೆಂಟ ಹೇಳಿಯಾನು? ತಪ್ಪಿದ್ದುದು ನನ್ನ ಪ್ರಶ್ನೆಯಲ್ಲಿ. ಅಲ್ಲದೆ, ಮೈಸೂರಿನ ಆಫೀಸಿನಿಂದ ಹೊರಟರೆ ಗಂಟೆಯೊಳಗೆ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಲ್ಲಬಹುದಾಗಿದ್ದ ನನಗೆ, ಬಳಕೆದಾರರನ್ನು ವಿಡಿಯೊದಲ್ಲಷ್ಟೇ ಕಂಡು ದಿಟ್ಟವಾಗಿ ವಾದಿಸುವ ಇಲ್ಲಿನ ಮಕ್ಕಳನ್ನು ನೋಡಿದಾಗ ಕನಿಕರವೇ ಆಗುತ್ತದೆ.

ಈಗ ನಾನು ಕೆಲಸ ಮಾಡುತ್ತಿರುವ ಆ್ಯಪ್‌ನಲ್ಲೇ ಮಂಡ್ಯದಲ್ಲಿರುವ ಅಪ್ಪ ಕರೆಂಟ್ ಬಿಲ್ ಕಟ್ಟುತ್ತಾರೆ. ತೊಂದರೆ ಏನಾದರೂ ಇದೆಯೇ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ‘ಎಲ್ಲ ಸರಿಯಾಗದೆ ಮಗ’ ಎನ್ನುತ್ತಿದ್ದರು. ಕಳೆದ ಯುಗಾದಿಗೆ ಹೋದಾಗ ನನ್ನೆದುರೇ ಬಿಲ್ಲು ಬಂತು. ಅಪ್ಪ ಕನ್ನಡಕ ಹುಡುಕಲಿಲ್ಲ, ಫೋನು ಹಿಡಿದುಕೊಂಡು ಎದುರು ಮನೆಯ ಹುಡುಗನನ್ನು ಕೂಗುತ್ತ ಜಗಲಿಯಿಳಿದರು.