ರಸ್ತೆ ಮುಗಿಯುವುದು ಅಂಗಳದಲ್ಲಿ

ನಮ್ಮೂರು ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಕಡೆ. ಎರೆಮಣ್ಣಿನ ಬಯಲು. ಅಲ್ಲಿ ಸೈಕಲ್ ಹೊಡೆಯೋದನ್ನು ಯಾರೂ ಕೂತು ಕಲಿಸುವುದಿಲ್ಲ. ಒಳಪೆಡಲು ಹಾಕಿಕೊಂಡು ನಾಲ್ಕು ದಿನ ಬಿದ್ದೆದ್ದರೆ ಆಯಿತು. ಐದನೇ ದಿನದಿಂದ ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ನಿಮ್ಮದೇ. ನಾನೂ ಹಾಗೇ ಕಲಿತವನು. ಆಮೇಲೆ ಬ್ಯಾಂಕ್ ಕೆಲಸ ಸಿಕ್ಕಿತು, ನಾಲ್ಕಾರು ಊರು ತಿರುಗಿಸಿತು. ಕೊನೆಗೆ ಹೆಂಡತಿಯ ಊರಾದ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನೆಲೆ ನಿಂತು ಹನ್ನೊಂದು ವರ್ಷವಾಯಿತು. ಬರುವಾಗ ಲಾರಿಯಲ್ಲಿ ಪಾತ್ರೆ ಪಗಡದ ಜೊತೆ ಅಪ್ಪನ ಸೈಕಲ್ಲೂ ಬಂತು. ಅದನ್ನು ಇಳಿಸುವಾಗ ಅತ್ತೆ ಕೇಳಿದರು, "ಇದು ಎಂತಕ್ಕೆ ಇಲ್ಲಿ?"

ಅವರು ಕೇಳಿದ್ದು ಸರಿಯಾಗಿಯೇ ಇತ್ತು ಅಂತ ಗೊತ್ತಾಗಲು ನನಗೆ ಒಂದು ವಾರ ಸಾಕಾಯಿತು.

ಅಪ್ಪನ ಸೈಕಲ್ಲಿಗೆ ಮುಂದೆ 44 ಹಲ್ಲು, ಹಿಂದೆ 18. ಕೂತು ಎಣಿಸಿದ್ದೇನೆ. ಪೆಡಲನ್ನು ಒಂದು ಸುತ್ತು ತಿರುಗಿಸಿದರೆ ಸೈಕಲ್ ಐದು ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಬಯಲಿಗೆ ಹೇಳಿ ಮಾಡಿಸಿದ್ದು ಅದು. ಹಿಂದೆ ಎರಡು ಹಾಲಿನ ಕ್ಯಾನು, ಮುಂದೆ ಮಗು, ಆದರೂ ತೇಲಿಕೊಂಡು ಹೋಗಬಹುದು. ಇಲ್ಲಿ ನಮ್ಮ ಮನೆಯ ಗೇಟು ದಾಟಿದ ಕೂಡಲೇ ಏರು. ಎದ್ದು ನಿಂತು ಇಡೀ ಮೈಭಾರ ಹಾಕಿ ತುಳಿದರೂ ಚಕ್ರ ಮುಂದೆ ಹೋಗುವ ಮನಸ್ಸು ಮಾಡುತ್ತಿರಲಿಲ್ಲ. ಇಳಿದು ತಳ್ಳಬೇಕು. ತಳ್ಳಿಕೊಂಡು ಹೋಗುವಾಗ ಎದುರಿಗೆ ಸಿಕ್ಕವರೆಲ್ಲ ಒಂದೇ ಮಾತು ಕೇಳುತ್ತಿದ್ದರು. "ಎಂತ ಸಾರ್, ಸ್ಕೂಟರ್ ಹಾಳಾಯ್ತಾ?"

ಬ್ಯಾಂಕಿನವನು ಸೈಕಲ್ಲಿನಲ್ಲಿ ಬಂದರೆ ಇಲ್ಲಿ ಜನರಿಗೆ ಒಂಥರಾ ಗಾಬರಿ. ಸೈಕಲ್ ಅಂದರೆ ಇಲ್ಲಿ ಮಕ್ಕಳದ್ದು, ಇಲ್ಲವೇ ಮೀನು ಮಾರುವವರದ್ದಾಗಿತ್ತು. ಮೀನಿನವರೂ ಈಗ ಬೈಕಿಗೆ ಬಂದಿದ್ದಾರೆ. ನಮ್ಮ ಕಡೆ ಹಾಗಲ್ಲ, ಮೇಷ್ಟ್ರು, ಪೂಜಾರಿ, ಗೌಡರು, ಕೂಲಿಯವರು ಎಲ್ಲರೂ ಸೈಕಲ್ ಹತ್ತುತ್ತಿದ್ದರು. ಮೊದಮೊದಲು ನಾನು ಇದನ್ನು ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದೆ. ನಮ್ಮ ಜನ ಸರಳ, ನಿಮ್ಮವರಿಗೆ ಗಾಡಿಯ ಶೋಕಿ ಅಂತ. ಕರ್ನಾಟಕ ಸರ್ಕಾರ 2006-07ರಿಂದ ಹಲವು ವರ್ಷ 8ನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತಲ್ಲ, ಅದನ್ನೂ ಸೇರಿಸಿ ಹೇಳುತ್ತಿದ್ದೆ. ನನ್ನ ತಂಗಿಯ ಮಗಳು ಅದೇ ಸೈಕಲ್ಲಿನಲ್ಲಿ ಪಕ್ಕದ ಊರಿನ ಹೈಸ್ಕೂಲಿಗೆ ಹೋಗಿ ಬಂದಳು. ಇಲ್ಲಿ ಮಕ್ಕಳು ಕನ್ಸೆಶನ್ ಕಾರ್ಡ್ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಾರೆ. ಕಂಡಕ್ಟರ್ ಮೊದಲು ದೊಡ್ಡವರನ್ನು ಹತ್ತಿಸಿ ಆಮೇಲೆ ಇವರನ್ನು ನೋಡುತ್ತಾನೆ. ಸೈಕಲ್ ಇದ್ದಿದ್ದರೆ ಈ ಗೋಳು ಇರುತ್ತಿತ್ತಾ?

ಈಗ ಆ ವಾದ ನನಗೇ ನಾಚಿಕೆ ತರಿಸುತ್ತದೆ. ನಮ್ಮವರು ಸೈಕಲ್ ಹತ್ತಿದ್ದು ಸರಳತೆಗಲ್ಲ, ನೆಲ ಸಪಾಟಾಗಿತ್ತು ಅಷ್ಟೇ. ಹನ್ನೆರಡು ವರ್ಷದ ಹುಡುಗಿ ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು, ಗೇರ್ ಇಲ್ಲದ ಸೈಕಲ್ಲಿನಲ್ಲಿ, ಜುಲೈ ತಿಂಗಳ ಮಳೆಯಲ್ಲಿ ನಮ್ಮ ಮನೆಯ ಏರು ಹತ್ತಲಿ ನೋಡೋಣ. ಗದಗದ ಕಡೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಕಾಸರಗೋಡಿನಲ್ಲಿ ಸುಮಾರು 3500.

ಮಣ್ಣಿನ ವಿಷಯದಲ್ಲಿ ಮಾತ್ರ ಇಲ್ಲಿಯದೇ ಗೆಲುವು. ನಮ್ಮೂರಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಕಡ್ಡಿ ಹಾಕಿ ಕೆದಕಬೇಕು. ನಾಲ್ಕು ಹೆಜ್ಜೆ ಹೋದರೆ ಮತ್ತೆ ತುಂಬುತ್ತದೆ. ಕೊನೆಗೆ ಸೈಕಲ್ ಹೆಗಲ ಮೇಲೆ, ಚಪ್ಪಲಿ ಕೈಯಲ್ಲಿ. ಇಲ್ಲಿಯ ಮುರಕಲ್ಲಿನ ನೆಲಕ್ಕೆ ಆ ಅಂಟು ಗುಣವೇ ಇಲ್ಲ. ಮಳೆ ನಿಂತು ಅರ್ಧ ಗಂಟೆಗೆ ಮಣ್ಣುದಾರಿಯಲ್ಲೂ ಹೊರಡಬಹುದು. ಜಾರುವುದು ಕಾಂಕ್ರೀಟು, ಅದರ ಮೇಲೆ ಕೂತ ಪಾಚಿ. ಅದಕ್ಕಿಂತ ಮೋಸದ್ದು ಅಡಿಕೆ ಹಾಳೆ, ಅಂದರೆ ಸೋಗೆಯ ಬುಡದ ಅಗಲವಾದ ಪಟ್ಟೆ.

ಹಾಳೆಯ ಪಾಠ ನನಗೆ ಬಂದ ಎರಡನೇ ಮಳೆಗಾಲದಲ್ಲಿ ಆಯಿತು. ಅಪ್ಪನ ಸೈಕಲ್ಲಿಗೆ ಸರಳಿನ ಬ್ರೇಕು. ರಬ್ಬರು ಕೆಳಗಿನಿಂದ ಎದ್ದು ಉಕ್ಕಿನ ರಿಮ್ಮನ್ನು ಹಿಡಿಯುತ್ತದೆ. ರಿಮ್ ಒದ್ದೆಯಾದರೆ ಹಿಡಿಯುವ ನಾಟಕ ಮಾಡುತ್ತದೆ. ನಮ್ಮ ಬಯಲಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ, ಕಾಲು ಊರಿದರೆ ನಿಲ್ಲುತ್ತಿತ್ತು. ಇಲ್ಲಿ ಇಳಿಜಾರಿನಲ್ಲಿ ಎರಡೂ ಬ್ರೇಕು ಒತ್ತಿ ಹಿಡಿದಿದ್ದೇನೆ, ಸೈಕಲ್ ತನ್ನ ಪಾಡಿಗೆ ಹೋಗುತ್ತಿದೆ. ತಿರುವಿನಲ್ಲಿ ಒಂದು ಸೋಗೆ ಬಿದ್ದಿತ್ತು. ಮುಂದಿನ ಚಕ್ರ ಹಾಳೆಯ ಒಳಮೈ ಮೇಲೆ ಹತ್ತಿತು. ಆಮೇಲೆ ನಾನು ಕಂಡದ್ದು ತೋಡಿನ ನೀರು. ಹಾಳೆಯ ಮೇಲೆ ಪುಟ್ಟ ಮಕ್ಕಳನ್ನು ಕೂರಿಸಿ ಅಂಗಳದಲ್ಲಿ ಎಳೆಯುವ ಆಟ ಇಲ್ಲಿ ಉಂಟು. ನಾನು ಅದನ್ನು ನಲವತ್ತು ದಾಟಿದ ಮೇಲೆ ಆಡಿದೆ. ತೋಟದ ಯಜಮಾನರು ಓಡಿ ಬಂದು ಮೊದಲು ನನ್ನನ್ನು ಎತ್ತಿದರು, ಆಮೇಲೆ ಸೈಕಲ್ಲನ್ನು. ಬೈಯಲಿಲ್ಲ. ಕೂರಿಸಿ, ಬೆಲ್ಲ ನೀರು ಕೊಟ್ಟು, ಯಾರ ಮನೆಯವನು ಅಂತ ವಿಚಾರಿಸಿದರು. ಹೆಂಡತಿಯ ಮನೆಯ ಹೆಸರು ಹೇಳಿದೆ. "ಹಾಗಾದ್ರೆ ನೀವು ನಮಗೂ ಬೇಕಾದವರೇ" ಅಂದರು.

ಅವತ್ತು ನನಗೆ ಹೊಳೆದದ್ದು ಇಷ್ಟು. ಈ ಊರಲ್ಲಿ ಸೈಕಲ್ ಹೊಡೆಯುವ ರೀತಿಯೇ ಬೇರೆ. ನಾನು ನಮ್ಮೂರ ರೀತಿಯನ್ನು ಇಲ್ಲಿ ಹೇರುತ್ತಿದ್ದೆ.

ನಮ್ಮಲ್ಲಿ ಮನೆಗಳೆಲ್ಲ ಊರೊಳಗೆ ಗೋಡೆಗೆ ಗೋಡೆ ಅಂಟಿಕೊಂಡು ಇರುತ್ತವೆ. ಊರು ದಾಟಿದರೆ ಬರೀ ಹೊಲ. ಬಂಡಿ ಹಾದಿ ಹಿಡಿದು ಹೊರಟರೆ ಎರಡು ತಾಸು ಒಂದು ಮನೆಯೂ ಸಿಗುವುದಿಲ್ಲ. ಎದುರಿಗೆ ಯಾರಾದರೂ ಬಂದರೆ "ಎತ್ತಾಗ ಹೊಂಟೀರಿ?" "ಹಿಂಗ ಹೊಲದ ಕಡೆ." ಅಷ್ಟೇ, ಪೆಡಲು ನಿಲ್ಲಿಸಬೇಕಿಲ್ಲ. ಮಾತು ಗಾಳಿಯಲ್ಲೇ ಮುಗಿಯುತ್ತದೆ. ಸೈಕಲ್ ಅಂದರೆ ಒಬ್ಬನೇ ಇರುವುದಕ್ಕೆ ಸಿಗುವ ಹೊತ್ತು.

ಇಲ್ಲಿ ಊರು ಅಂತ ಒಂದು ಕಡೆ ಗುಂಪಾಗಿ ಇಲ್ಲ. ಪೇಟೆ ಉಂಟು, ಊರು ಚದುರಿಕೊಂಡಿದೆ. ಒಬ್ಬೊಬ್ಬರ ಮನೆ ಅವರವರ ತೋಟದ ತಲೆಯಲ್ಲಿ. ಹಾಗಾಗಿ ಒಳರಸ್ತೆ ಒಂದೂರಿನಿಂದ ಇನ್ನೊಂದೂರಿಗೆ ಹೋಗುವುದಕ್ಕಿಂತ ಮನೆಗೆ ಹೋಗುವುದೇ ಜಾಸ್ತಿ. 1996ರಲ್ಲಿ ಕೇರಳದಲ್ಲಿ ಜನಕೀಯ ಆಸೂತ್ರಣ ಶುರುವಾಯಿತು. ರಾಜ್ಯದ ಯೋಜನೆ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಪಂಚಾಯತು, ನಗರಸಭೆಗಳ ಕೈಗೆ ಕೊಡುವ ಏರ್ಪಾಡು ಅದು. ವಾರ್ಡಿನವರು ಸೇರಿ ಏನು ಬೇಕು ಅಂತ ಹೇಳಿದರು. ಜನ ಕೇಳುವುದು ರಸ್ತೆಯನ್ನೇ ಅಲ್ವಾ? ಕಾಲುದಾರಿಗಳು ಜೀಪು ಹೋಗುವಷ್ಟು ಅಗಲವಾದವು, ಏರಿನ ಭಾಗಕ್ಕೆ ಕಾಂಕ್ರೀಟು ಬಿತ್ತು. ನಮ್ಮ ರೋಣದ ಕಡೆ ಹೊಲದ ಹಾದಿಗೆ ಇಂಥ ಯೋಗ ಇವತ್ತಿಗೂ ಬಂದಿಲ್ಲ.

ಅಂಥದ್ದೊಂದು ರಸ್ತೆಯ ಬಾಯಲ್ಲಿ ನಿಂತು ಒಮ್ಮೆ ಒಬ್ಬ ಹೆಂಗಸನ್ನು ಕೇಳಿದೆ, ಅಮ್ಮಾ ಈ ರಸ್ತೆ ಎಲ್ಲಿಗೆ ಹೋಗುತ್ತದೆ ಅಂತ. "ಎಲ್ಲಿಗೂ ಹೋಗುದಿಲ್ಲ, ನಮ್ಮ ಮನೆಗೆ."

ಹೋದೆ. ರಸ್ತೆ ಅಂಗಳದಲ್ಲಿ ಮುಗಿಯಿತು. ಒಣಗಲು ಹಾಕಿದ ಅಡಿಕೆಯ ಎದುರು ಬ್ರೇಕು ಹಾಕಿ ನಿಂತೆ. ಜಗಲಿಯಲ್ಲಿದ್ದ ಅಜ್ಜ "ಆಸರಿಂಗೆ ಎಂತ ಬೇಕು?" ಅಂದರು. ಬಾಯಾರಿಕೆಗೆ ಏನು ಕೊಡಲಿ ಅಂತ. ಯಾಕೆ ಬಂದೆ, ಯಾರು ಅಂತ ಕೇಳಿದ್ದು ಅದಾದ ಮೇಲೆ. ನಮ್ಮಲ್ಲೂ ಚಹಾ ಕೊಡುತ್ತಾರೆ ಬಿಡಿ, ಅದಕ್ಕೇನು ಕಡಿಮೆ ಇಲ್ಲ. ಆದರೆ ನಮ್ಮ ಹಾದಿ ಮನೆಯೊಳಗೆ ತಂದು ನಿಲ್ಲಿಸುವುದಿಲ್ಲ.

ನಾಯಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಯಾಕಂದ್ರೆ ಹೊಸಬರು ಹೆದರುವುದು ಅದಕ್ಕೇ. ಪ್ರತಿ ಮನೆಗೂ ಒಂದು ನಾಯಿ. ಓಡುವ ಸೈಕಲ್ಲಿನ ಮೇಲೆ ಅದಕ್ಕೆ ಎಲ್ಲಿಲ್ಲದ ಸಿಟ್ಟು. ವೇಗ ಜಾಸ್ತಿ ಮಾಡಬೇಡಿ. ಇಳಿದು, ಸೈಕಲ್ಲನ್ನು ನಿಮಗೂ ನಾಯಿಗೂ ನಡುವೆ ಇಟ್ಟುಕೊಂಡು ನಡೆಯಿರಿ. ಇಷ್ಟು ವರ್ಷದಲ್ಲಿ ನನಗೆ ಇದು ಒಮ್ಮೆಯೂ ಕೈಕೊಟ್ಟಿಲ್ಲ.

ದಾರಿ ಹುಡುಕುವುದು ಹೇಗೆ? ಫೋನಿನ ಮ್ಯಾಪು ರಸ್ತೆ ತೋರಿಸುತ್ತದೆ, ಏರು ತೋರಿಸುವುದಿಲ್ಲ. ಏರನ್ನು ತೋರಿಸುವುದು ಊರಿನ ಹೆಸರು. ಇದನ್ನು ಕಲಿಸಿದ್ದು ಮಾವ. ಅಡ್ಕ ಅಂದರೆ ಮರಗಿಡ ಕಡಿಮೆ ಇರುವ ಬಯಲು ಜಾಗ. ಬದಿಯಡ್ಕ, ಧರ್ಮತ್ತಡ್ಕ, ಕಾರಡ್ಕ. ಪದವು ಅಂದರೆ ಗುಡ್ಡದ ತಲೆಯ ಮೇಲಿನ ಮಟ್ಟಸ. ಮೀಯಪದವು, ನಂದಾರಪದವು. ಹತ್ತಿ ಮುಗಿಸಿದ ಮೇಲೆ ಸುಖ, ಹತ್ತುವ ತನಕ ಬೆವರು. ಗುಡ್ಡೆ, ಕುಂಜ ಅಂತ ಕೊನೆಯಾದರೆ ಕೇಳುವುದೇ ಬೇಡ. ಬೈಲು, ಗುಂಡಿ ಅಂದರೆ ಇಳಿಜಾರು. ಹೋಗುವಾಗ ಶಿಳ್ಳೆ ಹಾಕಿಕೊಂಡು ಹೋಗಬಹುದು, ಬರುವಾಗ ತಳ್ಳಬೇಕು. ಮೂಲೆ ಅಂದರೆ ಅಲ್ಲಿಗೆ ರಸ್ತೆ ಮುಗಿಯಿತು, ಚಹಾ ಗ್ಯಾರಂಟಿ. ಇದನ್ನೆಲ್ಲ ಇಟ್ಟವರು ನಡೆದು ತಿರುಗಿದ ಜನ. ಕಾಲಿಗೆ ಗೊತ್ತಾದದ್ದನ್ನೇ ಹೆಸರು ಮಾಡಿದ್ದಾರೆ. ಕಾರಿನಲ್ಲಿ ಕೂತವರಿಗೆ ಈ ಹೆಸರುಗಳು ಬರೀ ಬೋರ್ಡು, ಸೈಕಲ್ಲಿನವನಿಗೆ ಮುಂಚೆಯೇ ಸಿಗುವ ಎಚ್ಚರಿಕೆ.

ಹಾಗಾಗಿ ಬೋರ್ಡಿನಲ್ಲಿ ಹೆಸರು ಬದಲಾದಾಗ ನನಗೆ ಆಗುವ ಸಂಕಟ ಸ್ವಲ್ಪ ಬೇರೆ ಥರದ್ದು. ಪಿಲಿಕುಂಜೆ ಮಲಯಾಳದಲ್ಲಿ ಪುಲಿಕುನ್ನು ಆಯಿತು. ಹೋಗಲಿ, ಹುಲಿಯೂ ಉಳಿಯಿತು, ಗುಡ್ಡವೂ ಉಳಿಯಿತು. ಕಾರಡ್ಕ ಕಾಡಗಂ ಆದರೆ, ಬೇಡಡ್ಕ ಬೇಡಗಂ ಆದರೆ ಅಡ್ಕವೇ ಹೋಯಿತಲ್ಲ! ಭಾಷೆಯ ಜಗಳವನ್ನು ದೊಡ್ಡವರು ಮಾಡಲಿ. ಸೈಕಲ್ ಹೊಡೆಯುವವನ ಕಡೆಯಿಂದ ಇದೊಂದು ದೂರು ಅಂತ ಬರೆದುಕೊಳ್ಳಿ.

ಹೊರನಾಡ ಕನ್ನಡಿಗ ಅನ್ನುವ ಮಾತಿನ ಬಗ್ಗೆಯೂ ಈ ಒಳರಸ್ತೆಗಳಲ್ಲೇ ನನಗೆ ಬುದ್ಧಿ ಬಂದದ್ದು. ನವೆಂಬರ್ 1, 1956ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತುಂಡು. ಜಗಲಿಯ ಅಜ್ಜಂದಿರು ಎಲ್ಲಿಂದಲೂ ಬಂದವರಲ್ಲ. ಲಾರಿಯಲ್ಲಿ ಸಾಮಾನು ಹೇರಿಕೊಂಡು ಬಂದ ಹೊರನಾಡಿನವನು ಅಂದರೆ ನಾನೊಬ್ಬನೇ. ಪೆರ್ಲದಿಂದ ಸ್ವರ್ಗದ ಮೇಲೆ ಹೋದರೆ ಆರ್ಲಪದವು, ಪುತ್ತೂರು ತಾಲ್ಲೂಕು. ಸ್ವರ್ಗ ಊರಿನ ಹೆಸರೇ, ತಮಾಷೆಯಲ್ಲ. ಅಲ್ಲಿಗೆ ಹತ್ತುವುದು ಮಾತ್ರ ಹೆಸರಿಗೆ ತಕ್ಕ ಹಾಗೆ ಸುಲಭವಲ್ಲ. ಗಡಿ ಎಲ್ಲಿ ದಾಟಿತು ಅಂತ ಸೈಕಲ್ಲಿಗೆ ಗೊತ್ತಾಗುವುದಿಲ್ಲ. ಆಚೆಯೂ ಅದೇ ಅಡಿಕೆ, ಅದೇ ತುಳು. 2020ರ ಮಾರ್ಚ್‌ನಲ್ಲಿ ಮಾತ್ರ ಗೊತ್ತಾಯಿತು. ಕೋವಿಡ್ ಅಂತ ಕರ್ನಾಟಕದ ಕಡೆಯಿಂದ ಗಡಿರಸ್ತೆಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದು ಮುಚ್ಚಿದರು. ದೊಡ್ಡ ರಸ್ತೆ ಮಾತ್ರ ಅಲ್ಲ, ಒಳರಸ್ತೆಗಳನ್ನೂ. ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಮ್ಮ ಮನೆಯಲ್ಲಿ ಅತ್ತೆಯ ಔಷಧಿಗೆ ಮಂಗಳೂರೇ ಗತಿಯಾಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ನನ್ನದೇ ರಾಜ್ಯ ನನ್ನ ಎದುರಿಗೇ ಬಾಗಿಲು ಹಾಕಿಕೊಂಡಿತ್ತು.

ಈಗ ನನ್ನ ಹತ್ತಿರ ಗೇರಿನ ಸೈಕಲ್ ಉಂಟು. ಮುಂದಿನ ಚಿಕ್ಕ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡದಕ್ಕೆ 34. ಒಂದು ಸುತ್ತಿಗೆ ಸುಮಾರು 1.7 ಮೀಟರು ಅಷ್ಟೇ ಮುಂದೆ ಹೋಗುತ್ತದೆ. ನಡೆಯುವವರು ಆರಾಮಾಗಿ ಹಿಂದೆ ಹಾಕಬಹುದು. ಹಾಕುತ್ತಾರೆ ಕೂಡ. ಕ್ಯಾರಿಯರ್ ಹಾಕಿಸಿಕೊಡಿ ಅಂದಾಗ ಅಂಗಡಿಯ ಹುಡುಗ ನಕ್ಕ, ಗೇರ್ ಸೈಕಲ್ಲಿಗೆ ಯಾರೂ ಹಾಕಿಸುವುದಿಲ್ಲ ಸಾರ್ ಅಂತ. ಹಾಕಿಸಿದೆ. ಅಪ್ಪನ ಸೈಕಲ್ ಕೊಟ್ಟಿಗೆಯಲ್ಲಿದೆ. ಅದರ 28 ಇಂಚಿನ ಟ್ಯೂಬಿಗೆ ಹೋದ ಸಲ ಮಂಗಳೂರಿನ ತನಕ ಹೋಗಬೇಕಾಯಿತು.

ಮೇ ತಿಂಗಳಲ್ಲಿ ತಂಗಿಯ ಮಗ ಬೆಂಗಳೂರಿನಿಂದ ಬಂದಿದ್ದ. ಕಾರಿನ ಮೇಲೆ ಕಾರ್ಬನ್ ಸೈಕಲ್ ಕಟ್ಟಿಕೊಂಡು. ಅವನದೊಂದು ಗುಂಪು ಇದೆ. ಈ ಕಡೆ ಬಂದರೆ ಬೆಳಗಿನ ಜಾವ ಹೊರಟು ಹೆದ್ದಾರಿ ಹಿಡಿದು, ಬೇಕಲ ಕೋಟೆಯ ಮುಂದೆ ಫೋಟೋ ತೆಗೆದುಕೊಂಡು ವಾಪಸು ಬರುವ ಗುಂಪು. ಬೇಡ ಅನ್ನುವುದಿಲ್ಲ, ಮೈಗೆ ಒಳ್ಳೆಯದೇ. ಆದರೆ ಆರು ಪಥದ ಹೆದ್ದಾರಿ ತಲಪಾಡಿಯಲ್ಲಿ ಹೊಡೆದರೂ ಒಂದೇ, ತುಮಕೂರಿನಲ್ಲಿ ಹೊಡೆದರೂ ಒಂದೇ. ನಾಳೆ ನನ್ನ ಜೊತೆ ಬಾ ಅಂದೆ. "ಎಷ್ಟು ಕಿಲೋಮೀಟರ್ ಮಾಮಾ?" ಅಂದ. ಏಳು ಅಂದೆ. ನಕ್ಕ.

ಬೇಳದ ಕಡೆಯಿಂದ ಒಳಗೆ ಇಳಿದು, ಎರಡು ಸಂಕ, ಅಂದರೆ ತೋಡಿನ ಮೇಲಿನ ಕಿರುಸೇತುವೆ, ದಾಟಿ, ಒಂದು ಗುಡ್ಡೆ ಹತ್ತಿ ಬಂದೆವು. ಮೊದಲ ಏರಿನಲ್ಲೇ ಅವನು ಇಳಿದು ತಳ್ಳಿದ. ಯಾರೂ ನೋಡುತ್ತಿಲ್ಲ ತಾನೇ ಅಂತ ಹಿಂದೆ ಮುಂದೆ ನೋಡಿದ. ತೋಟದಿಂದ ಒಬ್ಬರು ನೋಡುತ್ತಿದ್ದರು, ಕರೆದರು. ಮೂರು ಮನೆಯಾಯಿತು. ಒಂದರಲ್ಲಿ ಮಜ್ಜಿಗೆ, ಒಂದರಲ್ಲಿ ಪುನರ್ಪುಳಿ ಶರಬತ್ತು, ಒಂದರಲ್ಲಿ ದೋಸೆ ತಿನ್ನದೆ ಬಿಡಲಿಲ್ಲ. ಮನೆಗೆ ಬಂದು ಹುಡುಗ ಫೋನು ತೆಗೆದು ನೋಡಿದ. ಸೈಕಲ್ ಓಡಿದ್ದು 48 ನಿಮಿಷ, ಒಟ್ಟು ಹೊತ್ತು ಮೂರೂಕಾಲು ಗಂಟೆ. "ಉಳಿದ ಟೈಮ್ ಎಲ್ಲಿ ಹೋಯ್ತು ಮಾಮಾ?"

ನಾನು ಆಗ ಕ್ಯಾರಿಯರಿನಿಂದ ಹಲಸಿನ ಹಣ್ಣು ಬಿಚ್ಚುತ್ತಿದ್ದೆ. ಮೂರನೇ ಮನೆಯವರು ಕೊಟ್ಟದ್ದು. ಅವನಿಗೂ ಒಂದು ಕೊಡುತ್ತಿದ್ದರು, ಅವನ ಸೈಕಲ್ಲಿನಲ್ಲಿ ಕಟ್ಟಲು ಜಾಗ ಇರಲಿಲ್ಲ.