ಕುಲಪತಿ ನೇಮಕ: ರಾಜ್ಯಪಾಲರ ಅಧಿಕಾರದ ಕುರಿತು ಸ್ಪಷ್ಟನೆ

ರಾಜ್ಯಪಾಲರು ಸಂವಿಧಾನದ ಬಲದಿಂದಲೇ ವಿಶ್ವವಿದ್ಯಾಲಯಗಳ ಕುಲಾಧಿಪತಿಗಳಾಗಿರುತ್ತಾರೆ (ಚಾನ್ಸೆಲರ್), ಆದ್ದರಿಂದ ಕರ್ನಾಟಕದಲ್ಲಿ ಕುಲಪತಿಗಳ (ವೈಸ್ ಚಾನ್ಸೆಲರ್) ನೇಮಕದಲ್ಲಿ ಸರ್ಕಾರಕ್ಕೆ ಯಾವ ಪಾತ್ರವೂ ಇಲ್ಲ ಎಂಬ ಮಾತು ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು.

ಸಂವಿಧಾನದಲ್ಲಿ ಕುಲಾಧಿಪತಿ ಸ್ಥಾನದ ಪ್ರಸ್ತಾಪವೇ ಇಲ್ಲ. ಆ ಸ್ಥಾನವನ್ನು ರಾಜ್ಯಪಾಲರಿಗೆ ಕೊಟ್ಟಿರುವುದು ವಿಧಾನಮಂಡಲ ರೂಪಿಸಿದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000. ಅದರ 14ನೇ ಸೆಕ್ಷನ್ ಪ್ರಕಾರ ಕುಲಾಧಿಪತಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ರಾಜ್ಯ ಸರ್ಕಾರ ಮತ್ತು ಸಿಂಡಿಕೇಟ್ (ವಿಶ್ವವಿದ್ಯಾಲಯದ ಕಾರ್ಯನಿರ್ವಾಹಕ ಮಂಡಳಿ) ತಲಾ ಒಬ್ಬರನ್ನು ನಾಮನಿರ್ದೇಶನ ಮಾಡುವ ಶೋಧನಾ ಸಮಿತಿಯು ಹೆಸರುಗಳ ಪಟ್ಟಿಯನ್ನು ಸರ್ಕಾರಕ್ಕೆ ಸಲ್ಲಿಸುತ್ತದೆ. ಸರ್ಕಾರ ಅದನ್ನು ಕುಲಾಧಿಪತಿಗಳಿಗೆ ಕಳುಹಿಸುತ್ತದೆ. ಅವರು ಅರ್ಹತೆ, ಸಮಾನತೆ ಹಾಗೂ ಸಾಮಾಜಿಕ ನ್ಯಾಯವನ್ನು ಗಮನದಲ್ಲಿಟ್ಟು, ಸರ್ಕಾರದ ಸಹಮತಿಯೊಂದಿಗೆ, ಆ ಪಟ್ಟಿಯಿಂದಲೇ ಒಬ್ಬರನ್ನು ನೇಮಿಸಬೇಕು. ಕಡತ ರಾಜಭವನ ಮತ್ತು ವಿಧಾನಸೌಧದ ನಡುವೆ ಓಡಾಡುತ್ತಾ ವಿಶ್ವವಿದ್ಯಾಲಯಗಳು ಹಂಗಾಮಿ ಕುಲಪತಿಗಳ ಕೈಯಲ್ಲಿ ಉಳಿಯಲು ಈ ‘ಸಹಮತಿ’ಯ ಷರತ್ತೇ ಹಲವು ಸಲ ಕಾರಣವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ರಾಜ್ಯಪಾಲರು ಸಂಪುಟ ಹೇಳಿದಲ್ಲಿ ಸಹಿ ಹಾಕಬೇಕಾದವರು ಎಂಬ ಎದುರುವಾದವೂ ನಿಲ್ಲುವುದಿಲ್ಲ. ಕೇರಳದ ಕಣ್ಣೂರು ವಿಶ್ವವಿದ್ಯಾಲಯದ ಪ್ರಕರಣದಲ್ಲಿ, ನೇಮಕದ ನಿರ್ಧಾರ ಕುಲಾಧಿಪತಿಯ ಸ್ವತಂತ್ರ ವಿವೇಚನೆಗೆ ಬಿಟ್ಟದ್ದು, ಸರ್ಕಾರದ ಅನಗತ್ಯ ಹಸ್ತಕ್ಷೇಪದಿಂದ ಅದು ದೂಷಿತವಾಗುತ್ತದೆ ಎಂದು ಹೇಳಿ, ಸುಪ್ರೀಂ ಕೋರ್ಟ್ 2023ರ ನವೆಂಬರ್ 30ರಂದು ಕುಲಪತಿಯ ಮರುನೇಮಕವನ್ನೇ ರದ್ದುಪಡಿಸಿತು. ಆದರೆ ಆ ತೀರ್ಪು ಕೇರಳದ ಕಾಯ್ದೆಯನ್ನು ಆಧರಿಸಿದ್ದು, ಸಹಮತಿಯನ್ನು ಕಾಯ್ದೆಯಲ್ಲೇ ಬರೆದಿರುವ ಕರ್ನಾಟಕಕ್ಕೆ ಅದನ್ನು ಯಥಾವತ್ತಾಗಿ ಅನ್ವಯಿಸುವುದು ಸರಿಯಲ್ಲ.